ಹೆಚ್ಚು ಮಾಡಿ ಎಂದರೂ ಮಾಡದ ಕಂಪನಿ: ಮಾರ್ಗನ್ ಕಾರು ನೂರು ವರ್ಷ ದಾಟಿದ್ದು ಹೇಗೆ?

ಇಂಗ್ಲೆಂಡಿನ ವೂಸ್ಟರ್‌ಶೈರ್ ಕೌಂಟಿಯಲ್ಲಿ ಮಾಲ್ವರ್ನ್ ಲಿಂಕ್ ಎಂಬ ಊರಿದೆ. ಅಲ್ಲಿನ ಪಿಕರ್ಸ್‌ಲೀ ರಸ್ತೆಯಲ್ಲಿ ಕೆಂಪು ಇಟ್ಟಿಗೆಯ ಹಳೆಯ ಶೆಡ್‌ಗಳ ಸಾಲು. ಒಂದು ಶೆಡ್‌ನಲ್ಲಿ ಬಡಗಿಗಳು ಆ್ಯಶ್ ಮರವನ್ನು ಕೊಯ್ದು, ಬಗ್ಗಿಸಿ, ಅಂಟು ಹಾಕಿ ಚೌಕಟ್ಟು ಕಟ್ಟುತ್ತಾರೆ. ಇನ್ನೊಂದರಲ್ಲಿ ಆ ಚೌಕಟ್ಟಿನ ಮೇಲೆ ಅಲ್ಯೂಮಿನಿಯಂ ತಗಡನ್ನು ಕೈಯಿಂದ ಕೂರಿಸುತ್ತಾರೆ. ಇದು ವಸ್ತುಸಂಗ್ರಹಾಲಯವೂ ಅಲ್ಲ, ಸಿನಿಮಾ ಸೆಟ್ಟೂ ಅಲ್ಲ. ಇಂದಿಗೂ ಹೊಸ ಕಾರುಗಳು ಹೊರಬರುತ್ತಿರುವ ಮಾರ್ಗನ್ ಮೋಟಾರ್ ಕಂಪನಿಯ ಕಾರ್ಖಾನೆ.

ಬ್ರಿಟನ್ನಿನ ಸ್ಪೋರ್ಟ್ಸ್ ಕಾರು ಉದ್ಯಮದ ಪಾಲಿಗೆ 2025 ಕಷ್ಟದ ವರ್ಷ. ಏಪ್ರಿಲ್‌ನಲ್ಲಿ ಅಮೆರಿಕ ಆಮದು ಕಾರುಗಳ ಮೇಲೆ ಹೆಚ್ಚುವರಿಯಾಗಿ ಶೇ 25ರಷ್ಟು ಸುಂಕ ಹೇರಿತು. ಆಗಸ್ಟ್‌ನಲ್ಲಿ ಲೋಟಸ್ ಕಂಪನಿ ಬ್ರಿಟನ್ನಿನಲ್ಲಿ 550ರವರೆಗೆ ಉದ್ಯೋಗ ಕಡಿತದ ಯೋಜನೆ ಪ್ರಕಟಿಸಿತು. ಇದರ ನಡುವೆ ಪೆಟ್ರೋಲ್ ಕಾರುಗಳಿಗೆ ವಿದಾಯ ಹೇಳುವ 2030ರ ಗಡುವು ಹತ್ತಿರವಾಗುತ್ತಿದೆ. ಫಾರ್ಮುಲಾ ಒನ್‌ನಲ್ಲಿ ಏಳು ಬಾರಿ ತಯಾರಕರ ಪ್ರಶಸ್ತಿ ಗೆದ್ದ ಲೋಟಸ್‌ನಂಥ ಹೆಸರೇ ಅಲುಗಾಡುತ್ತಿರುವಾಗ, ವರ್ಷಕ್ಕೆ ಸಾವಿರ ಕಾರನ್ನೂ ಮಾಡದ ಮಾರ್ಗನ್ ಇನ್ನೂ ಬಾಗಿಲು ತೆರೆದು ಕುಳಿತಿರುವುದು ಹೇಗೆ? 'ಸಂಪ್ರದಾಯ', 'ಪರಂಪರೆ' ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಕಂಪನಿಯ ಇತಿಹಾಸ ನೋಡಿದರೆ ಬೇರೆಯದೇ ಲೆಕ್ಕಾಚಾರ ಕಾಣುತ್ತದೆ.

ಪಾದ್ರಿಯ ಮಗ, ಮೂರು ಚಕ್ರದ ಗಾಡಿ

ಕಂಪನಿ ಕಟ್ಟಿದ ಹೆನ್ರಿ ಫ್ರೆಡರಿಕ್ ಸ್ಟಾನ್ಲಿ ಮಾರ್ಗನ್ ಒಬ್ಬ ಪಾದ್ರಿಯ ಮಗ. ಸ್ವಿಂಡನ್‌ನ ಗ್ರೇಟ್ ವೆಸ್ಟರ್ನ್ ರೈಲ್ವೆ ಕಾರ್ಯಾಗಾರದಲ್ಲಿ ಕೆಲಸ ಕಲಿತ ಅವರು, ನಂತರ ಮಾಲ್ವರ್ನ್ ಲಿಂಕ್‌ನಲ್ಲಿ ಗ್ಯಾರೇಜು ತೆರೆದರು. ತಮ್ಮ ಓಡಾಟಕ್ಕೆಂದು 1909ರಲ್ಲಿ ಮುಂದೆ ಎರಡು, ಹಿಂದೆ ಒಂದು ಚಕ್ರವಿರುವ ಹಗುರ ಗಾಡಿಯೊಂದನ್ನು ತಯಾರಿಸಿದರು. ಮಾಲ್ವರ್ನ್ ಕಾಲೇಜಿನ ಎಂಜಿನಿಯರಿಂಗ್ ಶಿಕ್ಷಕರೊಬ್ಬರು ಅದಕ್ಕೆ ಕೈಜೋಡಿಸಿದ್ದರು. ಎಂಜಿನ್ ಮಾತ್ರ ಸ್ವಂತದ್ದಲ್ಲ, ಪೂಜೋ ಕಂಪನಿಯದು.

1910ರಲ್ಲಿ ಲಂಡನ್ನಿನ ಒಲಿಂಪಿಯಾ ಪ್ರದರ್ಶನಕ್ಕೆ ಒಬ್ಬರೇ ಕೂರುವ ಗಾಡಿ ಒಯ್ದಾಗ ಬಂದ ಆರ್ಡರ್ ಅಷ್ಟಕ್ಕಷ್ಟೆ. ಮರುವರ್ಷ ಇಬ್ಬರು ಕೂರುವ ಮಾದರಿ ಬಂತು. ಅದು ಲಂಡನ್ನಿನ ಹೆಸರಾಂತ ಹ್ಯಾರಡ್ಸ್ ಮಳಿಗೆಯ ಗಾಜಿನ ಕಿಟಕಿಯಲ್ಲೇ ಪ್ರದರ್ಶನಕ್ಕೆ ನಿಂತಿತು. ಅಲ್ಲಿಂದ ಬೇಡಿಕೆ ಏರಿತು.

ಮೂರು ಚಕ್ರದ ಹಿಂದೆ ಬರೀ ಎಂಜಿನಿಯರಿಂಗ್ ಇರಲಿಲ್ಲ, ತೆರಿಗೆಯ ಲೆಕ್ಕವೂ ಇತ್ತು. ಹಗುರವಾದ ಮೂರು ಚಕ್ರದ ಗಾಡಿಯನ್ನು ಬ್ರಿಟಿಷ್ ಕಾನೂನು ಮೋಟಾರ್ ಸೈಕಲ್ ಸಾಲಿನಲ್ಲಿ ಸೇರಿಸುತ್ತಿತ್ತು. ಹಾಗಾಗಿ ಕಾರಿಗಿಂತ ತೆರಿಗೆ ಕಡಿಮೆ. ಕಾರು ಕೊಳ್ಳುವಷ್ಟು ಹಣವಿಲ್ಲದ, ಆದರೆ ಮೋಟಾರ್ ಸೈಕಲ್‌ಗಿಂತ ಮೇಲಿನದು ಬೇಕು ಎನ್ನುವ ಮಧ್ಯಮ ವರ್ಗದ ಯುವಕರಿಗೆ ಮಾರ್ಗನ್ ಸರಿಯಾಗಿ ಹೊಂದಿತು. ಕಂಪನಿಯ ಮುಂದಿನ ಇಡೀ ಕಥೆಯ ಬೀಜ ಇಲ್ಲಿದೆ. ದೊಡ್ಡವರಿಗಾಗಿ ಬರೆದ ನಿಯಮಗಳ ನಡುವೆ ಸಣ್ಣವರಿಗೆ ಉಳಿಯುವ ಸಂದಿಯಲ್ಲಿ ಮಾರ್ಗನ್ ಹುಟ್ಟಿತು.

ಸಂದಿ ಮುಚ್ಚಿದಾಗ ನಾಲ್ಕನೇ ಚಕ್ರ

ಆ ಸಂದಿ ಶಾಶ್ವತವಾಗಿರಲಿಲ್ಲ. 1922ರಲ್ಲಿ ಆಸ್ಟಿನ್ 7 ಬಂದು, ಸಾಮಾನ್ಯ ಕುಟುಂಬಕ್ಕೂ ನಾಲ್ಕು ಚಕ್ರದ ಕಾರು ಎಟಕುವಂತಾಯಿತು. ಫೋರ್ಡ್‌ನ ಅಗ್ಗದ ಕಾರುಗಳೂ ಹಿಂಬಾಲಿಸಿದವು. 1930ರ ದಶಕದ ಮಧ್ಯದಲ್ಲಿ ಸರ್ಕಾರ ಕಾರುಗಳ ತೆರಿಗೆಯನ್ನೂ ಇಳಿಸಿತು. ಮೂರು ಚಕ್ರದ ಗಾಡಿಗಿದ್ದ ಅನುಕೂಲ ಕರಗುತ್ತ ಹೋಯಿತು.

ಮಾರ್ಗನ್ 1936ರಲ್ಲಿ '4-4' ಎಂಬ ಕಾರನ್ನು ಮಾರುಕಟ್ಟೆಗೆ ತಂದಿತು. ನಾಲ್ಕು ಚಕ್ರ, ನಾಲ್ಕು ಸಿಲಿಂಡರ್ ಎನ್ನುವುದೇ ಹೆಸರಿನ ಅರ್ಥ. ಉಕ್ಕಿನ ಏಣಿಯಂಥ ಚಾಸಿ, ಅದರ ಮೇಲೆ ಮರದ ಚೌಕಟ್ಟು, ಹೊರಗೆ ತಗಡು. 'ಮಾರ್ಗನ್ ಚಾಸಿ ಮರದ್ದು' ಎಂಬ ಮಾತು ಇಂದಿಗೂ ಚಾಲ್ತಿಯಲ್ಲಿದೆ. ಅದು ತಪ್ಪು. ಮರವಿರುವುದು ದೇಹದ ಚೌಕಟ್ಟಿನಲ್ಲಿ ಮಾತ್ರ. ಆ ಉಕ್ಕಿನ ಚಾಸಿಯ ಮೂಲ ವಿನ್ಯಾಸ 2020ರವರೆಗೆ, ಅಂದರೆ 84 ವರ್ಷ ನಡೆಯಿತು. ಮುಂದಿನ ಚಕ್ರಗಳ ಸಸ್ಪೆನ್ಷನ್ ಅದಕ್ಕೂ ಹಳೆಯದು, 1909ರ ಮೊದಲ ಗಾಡಿಯಿಂದ ಬಂದದ್ದು.

ಬದಲಾವಣೆಗೆ ಒಮ್ಮೆ ಕೈ ಹಾಕಿದ್ದೂ ಉಂಟು. 1963ರಲ್ಲಿ ಫೈಬರ್‌ಗ್ಲಾಸ್ ದೇಹದ, ಮುಚ್ಚಿದ ಚಾವಣಿಯ 'ಪ್ಲಸ್ ಫೋರ್ ಪ್ಲಸ್' ಎಂಬ ಆಧುನಿಕ ಕಾರು ತಯಾರಾಯಿತು. ಹಳೆಯ ಗಿರಾಕಿಗಳು ಮುಖ ತಿರುಗಿಸಿದರು, ಹೊಸ ಗಿರಾಕಿಗಳು ಬರಲಿಲ್ಲ. ಒಟ್ಟು 26 ಕಾರು ಮಾಡಿ ನಿಲ್ಲಿಸಬೇಕಾಯಿತು. ಜನ ತಮ್ಮ ಬಳಿ ಬರುವುದು ಏನನ್ನು ಹುಡುಕಿಕೊಂಡು ಎಂಬುದು ಕಂಪನಿಗೆ ಅಲ್ಲಿ ಮನದಟ್ಟಾಯಿತು. ಅದರ ಹಿಂದಿನ ವರ್ಷವಷ್ಟೇ ಹಳೆಯ ಆಕಾರದ ಪ್ಲಸ್ 4 ಕಾರು ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸಿನಲ್ಲಿ ತನ್ನ ವಿಭಾಗದ ಪ್ರಶಸ್ತಿ ಗೆದ್ದಿತ್ತು.

ಎಂಜಿನ್ ಯಾವಾಗಲೂ ಬೇರೆಯವರದು

ಮಾರ್ಗನ್ ತನ್ನ ಕಾರುಗಳಿಗೆ ಎಂಜಿನ್ ಅನ್ನು ಯಾವಾಗಲೂ ಹೊರಗಿನಿಂದಲೇ ಕೊಂಡಿತು. ಪೂಜೋ, ಜೆಎಪಿ, ಮ್ಯಾಚ್‌ಲೆಸ್, ಕವೆಂಟ್ರಿ ಕ್ಲೈಮ್ಯಾಕ್ಸ್, ಸ್ಟ್ಯಾಂಡರ್ಡ್, ಟ್ರಯಂಫ್, ಫೋರ್ಡ್, ರೋವರ್, ಈಗ ಬಿಎಂಡಬ್ಲ್ಯು. ಈ ಪಟ್ಟಿಯಲ್ಲಿ ಇಪ್ಪತ್ತನೇ ಶತಮಾನದ ಬ್ರಿಟಿಷ್ ಉದ್ಯಮದ ಏಳುಬೀಳು ಕಾಣುತ್ತದೆ. ಇವುಗಳಲ್ಲಿ ಎಷ್ಟೋ ಕಂಪನಿಗಳು ಈಗಿಲ್ಲ. ಅವರಿಂದ ಎಂಜಿನ್ ಕೊಳ್ಳುತ್ತಿದ್ದ ಸಣ್ಣ ಗಿರಾಕಿ ಮಾತ್ರ ಉಳಿದಿದೆ.

ಇದರಲ್ಲಿ ಲಾಭವಿದೆ. ಹೊಸ ಎಂಜಿನ್ ರೂಪಿಸುವುದು ಕಾರು ಉದ್ಯಮದ ಅತಿ ದುಬಾರಿ ಕೆಲಸಗಳಲ್ಲೊಂದು. ಆ ಹೊರೆ ಹೊರದೆ ಮಾರ್ಗನ್ ತನಗೆ ಗೊತ್ತಿದ್ದ ಮರ, ತಗಡು, ಚರ್ಮದ ಕೆಲಸಕ್ಕೆ ಅಂಟಿಕೊಂಡಿತು. ಅಪಾಯವೂ ಇದೆ. ಎಂಜಿನ್ ಕೊಡುವವರು ನಿಲ್ಲಿಸಿದರೆ ಕಾರೇ ನಿಲ್ಲುತ್ತದೆ. 1950ರ ದಶಕದಲ್ಲಿ ಎಂಜಿನ್ ಕೊಡುತ್ತಿದ್ದ ಸ್ಟ್ಯಾಂಡರ್ಡ್ ಕಂಪನಿಯೇ ಮಾರ್ಗನ್ ಅನ್ನು ಕೊಂಡುಕೊಳ್ಳಲು ಮುಂದಾಗಿತ್ತು. ಕುಟುಂಬ ಒಪ್ಪಲಿಲ್ಲ. ಅದೃಷ್ಟವಶಾತ್ ಎಂಜಿನ್ ಪೂರೈಕೆ ನಿಲ್ಲಲಿಲ್ಲ. ಮುಂದೆ ಟ್ರಯಂಫ್ ಎಂಜಿನ್‌ಗೆ ಕಾಲ ಮುಗಿದಾಗ ರೋವರ್‌ನ 3.5 ಲೀಟರ್ ವಿ8 ಎಂಜಿನ್ ಸಿಕ್ಕಿತು. ಅಮೆರಿಕದ ಬ್ಯೂಕ್ ಕೈಬಿಟ್ಟ ವಿನ್ಯಾಸವನ್ನು ರೋವರ್ ಕೊಂಡು ತಂದಿದ್ದ ಎಂಜಿನ್ ಅದು. ಅದನ್ನೇ ಕೂರಿಸಿ 1968ರಲ್ಲಿ ಬಂದ 'ಪ್ಲಸ್ 8' 2004ರವರೆಗೆ ಕಂಪನಿಯ ಹೆಸರು ಉಳಿಸಿತು.

ಟಿವಿಯಲ್ಲಿ ಸಲಹೆ, ಮಾಲ್ವರ್ನ್‌ನಲ್ಲಿ ನಿರಾಕರಣೆ

ಬ್ರಿಟನ್ನಿನ ರಾಸಾಯನಿಕ ದೈತ್ಯ ಐಸಿಐ ಕಂಪನಿಯ ಅಧ್ಯಕ್ಷರಾಗಿದ್ದ ಸರ್ ಜಾನ್ ಹಾರ್ವೆ-ಜೋನ್ಸ್ 1990ರಲ್ಲಿ ಬಿಬಿಸಿಯ 'ಟ್ರಬಲ್‌ಶೂಟರ್' ಕಾರ್ಯಕ್ರಮಕ್ಕಾಗಿ ಮಾರ್ಗನ್ ಕಾರ್ಖಾನೆಗೆ ಬಂದರು. ಅವರು ಕಂಡದ್ದೇನು? ಅರ್ಧ ಕಟ್ಟಿದ ಕಾರುಗಳನ್ನು ಒಂದು ಶೆಡ್‌ನಿಂದ ಇನ್ನೊಂದಕ್ಕೆ ಕೈಯಿಂದ ತಳ್ಳಿಕೊಂಡು ಹೋಗುತ್ತಿದ್ದರು. ವರ್ಷಕ್ಕೆ 500 ಕಾರು ಕೂಡ ಆಗುತ್ತಿರಲಿಲ್ಲ. ಗಿರಾಕಿಗಳು ಹಣ ಹಿಡಿದುಕೊಂಡು ವರ್ಷಗಟ್ಟಲೆ ಕಾಯುತ್ತಿದ್ದರು.

ಯಾವ ಎಂಬಿಎ ವಿದ್ಯಾರ್ಥಿಯೂ ಕೊಡಬಹುದಾದ ಸಲಹೆಯನ್ನೇ ಅವರೂ ಕೊಟ್ಟರು. ಉತ್ಪಾದನೆ ಹೆಚ್ಚಿಸಿ, ಬೆಲೆ ಏರಿಸಿ, ವಿಧಾನಗಳನ್ನು ಆಧುನಿಕಗೊಳಿಸಿ. ಸಂಸ್ಥಾಪಕರ ಮಗ ಪೀಟರ್ ಮಾರ್ಗನ್ ಮತ್ತು ಮೊಮ್ಮಗ ಚಾರ್ಲ್ಸ್ ಮಾರ್ಗನ್ ಒಪ್ಪಲಿಲ್ಲ. ಕಾರ್ಯಕ್ರಮ ಪ್ರಸಾರವಾದ ಮೇಲೆ ಕಂಪನಿಗೆ ಬಂದ ಆರ್ಡರ್‌ಗಳೇ ಹೆಚ್ಚಾದವು!

ಈ ಪ್ರಸಂಗವನ್ನು ಹಟಮಾರಿ ಕುಟುಂಬದ ತಮಾಷೆಯಂತೆ ಹೇಳುವುದು ರೂಢಿ. ಆದರೆ ಆ ನಿರಾಕರಣೆಯ ಹಿಂದೆ ವ್ಯವಹಾರದ ತರ್ಕವಿತ್ತು. ಸ್ಪೋರ್ಟ್ಸ್ ಕಾರು ಅಗತ್ಯದ ವಸ್ತುವಲ್ಲ. ಕಾಲ ಚೆನ್ನಾಗಿದ್ದಾಗ ಎಲ್ಲರಿಗೂ ಬೇಕು, ಕಾಲ ಕೆಟ್ಟಾಗ ಮೊದಲು ಬಿಡುವುದೇ ಅದನ್ನು. ಬೇಡಿಕೆ ನೋಡಿ ಕಾರ್ಖಾನೆ ಹಿಗ್ಗಿಸಿದವರು ಮುಂದಿನ ಹಿಂಜರಿತದಲ್ಲಿ ಸಾಲ ಮತ್ತು ಸಂಬಳದ ಭಾರಕ್ಕೆ ಕುಸಿಯುತ್ತಾರೆ. ಉದ್ದನೆಯ ಕಾಯುವ ಪಟ್ಟಿ ಮಾರ್ಗನ್ ಪಾಲಿಗೆ ಬ್ಯಾಂಕಿನಲ್ಲಿಟ್ಟ ಠೇವಣಿ ಇದ್ದಂತೆ. ಆರ್ಡರ್ ಅರ್ಧಕ್ಕಿಳಿದರೂ ಕೆಲಸಗಾರರಿಗೆ ಕೈತುಂಬ ಕೆಲಸವಿರುತ್ತಿತ್ತು.

ಹಾಗೆಂದು ಹಾರ್ವೆ-ಜೋನ್ಸ್ ಹೇಳಿದ್ದೆಲ್ಲ ತಪ್ಪಾಗಿರಲಿಲ್ಲ. ಗಿರಾಕಿಯನ್ನು ವರ್ಷಗಟ್ಟಲೆ ಕಾಯಿಸುವುದಕ್ಕೂ ಒಂದು ಮಿತಿಯಿದೆ. 1990ರ ದಶಕದಲ್ಲಿ ಚಾರ್ಲ್ಸ್ ಮಾರ್ಗನ್ ಕಾರ್ಖಾನೆಯ ಕೆಲಸದ ವ್ಯವಸ್ಥೆ ಸುಧಾರಿಸಿದರು, ಉತ್ಪಾದನೆಯೂ ನಿಧಾನವಾಗಿ ಏರಿತು. ಸಲಹೆಯನ್ನು ತಿರಸ್ಕರಿಸಿದ ಕುಟುಂಬವೇ ಅದರ ಒಂದು ಭಾಗವನ್ನು ತನ್ನದೇ ವೇಗದಲ್ಲಿ ಜಾರಿಗೆ ತಂದಿತು ಎನ್ನಬಹುದು.

ಉಳಿದವರಿಗೆ ಏನಾಯಿತು?

ಮಾರ್ಗನ್ ತರ್ಕ ಎಷ್ಟು ಸರಿಯೆಂದು ನೋಡಲು ಅದರ ಓರಗೆಯ ಹೆಸರುಗಳತ್ತ ಕಣ್ಣು ಹಾಯಿಸಿದರೆ ಸಾಕು. ಎಂಜಿ ಕಂಪನಿಯ ಅಬಿಂಗ್ಡನ್ ಕಾರ್ಖಾನೆ 1980ರಲ್ಲಿ ಮುಚ್ಚಿತು. ಆ ಹೆಸರು ಈಗ ಚೀನಾದ ಎಸ್‌ಎಐಸಿ ಬಳಿಯಿದೆ. ಭಾರತದ ರಸ್ತೆಗಳಲ್ಲಿ ಓಡುವ ಎಂಜಿ ಕಾರುಗಳು ಜೆಎಸ್‌ಡಬ್ಲ್ಯು ಜೊತೆಗಿನ ಜಂಟಿ ಉದ್ಯಮದಡಿ ಗುಜರಾತಿನ ಹಾಲೋಲ್‌ನಲ್ಲಿ ತಯಾರಾಗುತ್ತವೆ. ಲೋಟಸ್ ಮಲೇಷ್ಯಾದ ಪ್ರೋಟಾನ್ ಕೈಗೆ ಹೋಗಿ, 2017ರಲ್ಲಿ ಚೀನಾದ ಜೀಲಿ ಪಾಲಾಯಿತು. ದೊಡ್ಡ ಎಲೆಕ್ಟ್ರಿಕ್ ಕಾರುಗಳ ಮೂಲಕ ಭಾರೀ ಬೆಳವಣಿಗೆಗೆ ಹೊರಟ ಲೋಟಸ್ ಈಗ ಉದ್ಯೋಗ ಕಡಿತದ ಸುದ್ದಿಯಲ್ಲಿದೆ.

ಟಿವಿಆರ್ ಕಥೆ ಇನ್ನೂ ಬೇಸರದ್ದು. ಬ್ಲ್ಯಾಕ್‌ಪೂಲ್‌ನಲ್ಲಿ ಟ್ರೆವರ್ ವಿಲ್ಕಿನ್ಸನ್ ಕಟ್ಟಿದ ಈ ಕಂಪನಿಯ ಹೆಸರು ಅವರ ಹೆಸರಿನ ಅಕ್ಷರಗಳಿಂದಲೇ ಬಂದದ್ದು. 2004ರಲ್ಲಿ ರಷ್ಯಾದ ಯುವ ಉದ್ಯಮಿಯೊಬ್ಬರ ಕೈಗೆ ಹೋಯಿತು. ಎರಡೇ ವರ್ಷದಲ್ಲಿ ಬ್ಲ್ಯಾಕ್‌ಪೂಲ್‌ನಲ್ಲಿ ಉತ್ಪಾದನೆ ನಿಂತಿತು. 2017ರಲ್ಲಿ ಹೊಸ ಮಾಲೀಕರು 'ಗ್ರಿಫಿತ್' ಎಂಬ ಕಾರನ್ನು ಅದ್ದೂರಿಯಾಗಿ ತೋರಿಸಿದರು. ವೇಲ್ಸ್‌ನಲ್ಲಿ ಕಾರ್ಖಾನೆ ಎಂದರು. ಎಂಟು ವರ್ಷ ಕಳೆದರೂ ಕಾರು ಗಿರಾಕಿಯ ಮನೆ ತಲುಪಲಿಲ್ಲ.

ಮೋಟಾರ್ ಸೈಕಲ್‌ಗಳದೂ ಇದೇ ಕಥೆ. ರಾಯಲ್ ಎನ್‌ಫೀಲ್ಡ್ ಹುಟ್ಟಿದ ರೆಡಿಚ್ ಕೂಡ ಮಾರ್ಗನ್ ಇರುವ ವೂಸ್ಟರ್‌ಶೈರ್ ಕೌಂಟಿಯದೇ ಊರು. ಅಲ್ಲಿ ಬ್ರಾಂಡ್ ಮುಗಿದುಹೋಯಿತು, ಚೆನ್ನೈನಲ್ಲಿ ಬದುಕಿತು. ನಾರ್ಟನ್ ಕಂಪನಿಯನ್ನು 2020ರಲ್ಲಿ 1.6 ಕೋಟಿ ಪೌಂಡ್ ಕೊಟ್ಟು ಕೊಂಡದ್ದು ಟಿವಿಎಸ್. ಜಾಗ್ವಾರ್, ಲ್ಯಾಂಡ್ ರೋವರ್ 2008ರಿಂದ ಟಾಟಾ ಒಡೆತನದಲ್ಲಿವೆ. ಬ್ರಿಟನ್ನಿನ ವಾಹನ ಪರಂಪರೆಯ ದೊಡ್ಡ ಪಾಲು ಇಂದು ಮುಂಬೈ, ಚೆನ್ನೈ, ಶಾಂಘೈ, ಹಾಂಗ್‌ಝೌಗಳ ಬ್ಯಾಲೆನ್ಸ್ ಶೀಟಿನಲ್ಲಿದೆ.

ಕುಟುಂಬದ ಕೈತಪ್ಪಿದ ಕಂಪನಿ

ಮಾರ್ಗನ್ ಕೂಡ ಇದಕ್ಕೆ ಪೂರ್ಣ ಹೊರತಾಗಿ ಉಳಿಯಲಿಲ್ಲ. 2000ದಲ್ಲಿ ಬಂದ 'ಏರೋ 8' ಕಾರಿನಲ್ಲಿ ಅಂಟಿನಿಂದ ಜೋಡಿಸಿದ ಅಲ್ಯೂಮಿನಿಯಂ ಚಾಸಿ, ಬಿಎಂಡಬ್ಲ್ಯು ವಿ8 ಎಂಜಿನ್ ಇದ್ದವು. ಮರದ ಚೌಕಟ್ಟು ಮಾತ್ರ ಹಾಗೇ ಉಳಿಯಿತು. 2011ರಲ್ಲಿ ಮೂರು ಚಕ್ರದ ಗಾಡಿಯನ್ನೂ ಮತ್ತೆ ತಂದು ಗೆದ್ದರು. ಆದರೆ ಒಳಗೆ ಬಿರುಕು ಮೂಡಿತ್ತು. 2003ರಲ್ಲಿ ಪೀಟರ್ ಮಾರ್ಗನ್ ತೀರಿಕೊಂಡರು. ಹತ್ತು ವರ್ಷದ ಬಳಿಕ, 2013ರಲ್ಲಿ, ಚಾರ್ಲ್ಸ್ ಮಾರ್ಗನ್ ಅವರನ್ನು ಮೊದಲು ವ್ಯವಸ್ಥಾಪಕ ನಿರ್ದೇಶಕ ಸ್ಥಾನದಿಂದ, ನಂತರ ಆಡಳಿತ ಮಂಡಳಿಯಿಂದಲೂ ಹೊರಗಿಡಲಾಯಿತು. ಸಂಸ್ಥಾಪಕರ ಹೆಸರು ಹೊತ್ತವರು ಕಂಪನಿಯ ಆಡಳಿತದಲ್ಲಿರುವ ಶತಮಾನದ ರೂಢಿ ಅಲ್ಲಿಗೆ ಮುಗಿಯಿತು.

2019ರ ಮಾರ್ಚ್‌ನಲ್ಲಿ ಇಟಲಿ ಮೂಲದ ಹೂಡಿಕೆ ಸಂಸ್ಥೆ ಇನ್ವೆಸ್ಟ್‌ಇಂಡಸ್ಟ್ರಿಯಲ್ ಬಹುಪಾಲು ಷೇರು ಕೊಂಡಿತು. ಹಿಂದೆ ಡುಕಾಟಿ, ಆಸ್ಟನ್ ಮಾರ್ಟಿನ್‌ಗಳಲ್ಲಿ ಹಣ ಹೂಡಿದ್ದ ಸಂಸ್ಥೆಯಿದು. ಕುಟುಂಬಕ್ಕೆ ಸಣ್ಣ ಪಾಲು ಉಳಿಯಿತು. ಬರಲಿದ್ದ ನಿಯಮಗಳಿಗೆ ತಕ್ಕ ಹೊಸ ಅಲ್ಯೂಮಿನಿಯಂ ವೇದಿಕೆ, ಹೊಸ ಎಂಜಿನ್ ಜೋಡಣೆ, ಪರೀಕ್ಷೆ, ಪ್ರಮಾಣಪತ್ರ ಇವೆಲ್ಲಕ್ಕೂ ಬೇಕಾದ ಬಂಡವಾಳ ಕಾಯುವ ಪಟ್ಟಿಯಿಂದ ಹುಟ್ಟುವಂಥದ್ದಲ್ಲ. ಸಣ್ಣದಾಗಿ ಉಳಿದು ಕಂಪನಿ ಬದುಕಿತು. ಒಡೆತನ ಉಳಿಸಿಕೊಳ್ಳಲು ಅದಷ್ಟೇ ಸಾಲಲಿಲ್ಲ.

ನಿಯಮವೇ ರಕ್ಷಕ, ನಿಯಮವೇ ಶತ್ರು

ಈಗ ಮತ್ತೆ ಮೂರು ಚಕ್ರದ ಕಾಲದ ಪ್ರಶ್ನೆಗೇ ಬರಬೇಕು. ಮಾರ್ಗನ್‌ಗೆ ನಿಜವಾದ ಪೆಟ್ಟು ಕೊಟ್ಟದ್ದು ಪೈಪೋಟಿಗಿಂತ ಹೆಚ್ಚಾಗಿ ನಿಯಮಗಳು. 1970ರ ದಶಕದಲ್ಲಿ ಅಮೆರಿಕದ ಹೊಗೆ ನಿಯಮ ಬಿಗಿಯಾದಾಗ, ಅಲ್ಲಿನ ಡೀಲರ್ ಕಾರುಗಳನ್ನು ಪ್ರೊಪೇನ್ ಅನಿಲದಿಂದ ಓಡುವಂತೆ ಮಾರ್ಪಡಿಸಿ ಮಾರಬೇಕಾಯಿತು. ಆಮೇಲೆ ಏರ್‌ಬ್ಯಾಗ್ ನಿಯಮ ಅಡ್ಡ ಬಂತು. ಅದೇ ಅಮೆರಿಕ 2015ರಲ್ಲಿ ಸಣ್ಣ ತಯಾರಕರಿಗಾಗಿ ಹೊಸ ಕಾನೂನು ಮಾಡಿತು. ಕನಿಷ್ಠ 25 ವರ್ಷ ಹಳೆಯ ಕಾರನ್ನು ಹೋಲುವ ಹೊಸ ಕಾರುಗಳನ್ನು ವರ್ಷಕ್ಕೆ 325ರಷ್ಟು ಮಾರಲು ಅದು ದಾರಿ ಮಾಡಿಕೊಟ್ಟಿತು. ಹಳೆಯ ಆಕಾರ ಬಿಡದ ಹಟವೇ ಮಾರ್ಗನ್‌ಗೆ ಅರ್ಹತೆಯಾಯಿತು! 2022ರಲ್ಲಿ ಬಂದ ಮೂರು ಚಕ್ರದ 'ಸೂಪರ್ 3' ಗಾಡಿಯನ್ನು ಅಮೆರಿಕ ಇಂದಿಗೂ ಮೋಟಾರ್ ಸೈಕಲ್ ವರ್ಗದಲ್ಲಿಯೇ ಪರಿಗಣಿಸುತ್ತದೆ.

ಬ್ರಿಟನ್ನಿನಲ್ಲೂ ವರ್ಷಕ್ಕೆ 2,500ಕ್ಕಿಂತ ಕಡಿಮೆ ಕಾರು ಮಾರುವವರಿಗೆ ಎಲೆಕ್ಟ್ರಿಕ್ ಗುರಿಗಳಿಂದ ವಿನಾಯಿತಿಯಿದೆ. 2030ರ ನಂತರವೂ ಸಣ್ಣ ತಯಾರಕರು ಪೆಟ್ರೋಲ್ ಕಾರು ಮಾರಬಹುದು ಎಂದು ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಇದನ್ನು ಕೇಳಿ ಮಾಲ್ವರ್ನ್ ನಿಟ್ಟುಸಿರು ಬಿಡಬಹುದು. ಆದರೆ ಒಂದು ತೊಡಕಿದೆ. ಸರ್ಕಾರ ವಿನಾಯಿತಿ ಕೊಡಬಹುದು, ಎಂಜಿನ್ ಕೊಡಲಾಗದು. ದೊಡ್ಡ ಕಂಪನಿಗಳು ಪೆಟ್ರೋಲ್ ಎಂಜಿನ್ ತಯಾರಿಕೆ ತಗ್ಗಿಸುತ್ತ ಹೋದಂತೆ, ಅವರಿಂದ ಕೆಲವು ನೂರು ಎಂಜಿನ್ ಕೊಳ್ಳುವವರ ಗತಿಯೇನು? ಮಾರ್ಗನ್ 2016ರಲ್ಲಿ ತೋರಿಸಿದ ಎಲೆಕ್ಟ್ರಿಕ್ ಮೂರು ಚಕ್ರದ ಗಾಡಿ ಮಾರುಕಟ್ಟೆಗೆ ಬರಲೇ ಇಲ್ಲ. 2023ರಲ್ಲಿ 'ಎಕ್ಸ್‌ಪಿ-1' ಎಂಬ ಇನ್ನೊಂದು ಪ್ರಯೋಗದ ಗಾಡಿ ಹೊರಬಂತು. ಹಗುರವಾಗಿರುವುದೇ ಗುಣವಾದ ಕಾರಿಗೆ ಭಾರದ ಬ್ಯಾಟರಿ ಹೊರಿಸುವುದು ಸುಲಭದ ಕೆಲಸವಲ್ಲ.

ಸುಂಕದ ಲೆಕ್ಕವೂ ಇದೇ ಬಗೆಯದು. ಅಮೆರಿಕದೊಂದಿಗಿನ ಒಪ್ಪಂದದಂತೆ ವರ್ಷಕ್ಕೆ ಒಂದು ಲಕ್ಷ ಬ್ರಿಟಿಷ್ ಕಾರುಗಳಿಗೆ ಶೇ 10 ಸುಂಕ. ಅದರಾಚೆಗೆ ಹೆಚ್ಚು. ಇಂಥ ಕೋಟಾದಲ್ಲಿ ದೊಡ್ಡವರು ಹಡಗು ತುಂಬಿಸಿ ಕಳಿಸುತ್ತಾರೆ, ಕೈಯಿಂದ ಕಾರು ಕಟ್ಟುವವರು ಸರದಿಯಲ್ಲಿ ಹಿಂದೆ ಬೀಳುವ ಸಾಧ್ಯತೆಯಿದೆ. ಆಸ್ಟನ್ ಮಾರ್ಟಿನ್ ಈ ವ್ಯವಸ್ಥೆಯ ಬಗ್ಗೆ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡಿದೆ. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದಲ್ಲೂ ಶೇ 110ರವರೆಗಿದ್ದ ಕಾರು ಸುಂಕ ಕೋಟಾದೊಳಗೆ ಹಂತಹಂತವಾಗಿ ಶೇ 10ಕ್ಕೆ ಇಳಿಯಲಿದೆ. ಮುಂಬೈ, ದೆಹಲಿಯ ಶೋರೂಮುಗಳಲ್ಲಿ ಇದರ ಮೊದಲ ಲಾಭ ಕಾಣುವುದು ದೊಡ್ಡ ಬ್ರಾಂಡ್‌ಗಳಲ್ಲೇ ಎಂದು ಊಹಿಸುವುದು ಕಷ್ಟವಲ್ಲ.

ಬೆಂಗಳೂರಿಗೂ ಗೊತ್ತಿರುವ ಪಾಠ

ನಿಯಮದ ಸಂದಿಯಲ್ಲಿ ಬದುಕುವುದು ಎಂದರೇನು ಎಂಬುದು ಬೆಂಗಳೂರಿಗೂ ಗೊತ್ತು. ಚೇತನ್ ಮೈನಿ ಅವರ ತಂಡ ಅಲ್ಲಿ ಕಟ್ಟಿದ ಪುಟ್ಟ ಎಲೆಕ್ಟ್ರಿಕ್ ಕಾರು ರೇವಾ, ಲಂಡನ್ನಿನಲ್ಲಿ 'ಜಿ-ವಿಜ್' ಹೆಸರಿನಲ್ಲಿ ಮಾರಾಟವಾಯಿತು. ಅಲ್ಲಿನ ಕಾನೂನಿನಲ್ಲಿ ಅದು ಕಾರಲ್ಲ, ಹಗುರ ನಾಲ್ಕು ಚಕ್ರದ ವಾಹನ. ಹಾಗಾಗಿ ಕಾರಿನ ಅಪಘಾತ ಪರೀಕ್ಷೆಗಳು ಕಡ್ಡಾಯವಿರಲಿಲ್ಲ. ಎಲೆಕ್ಟ್ರಿಕ್ ವಾಹನವಾದ್ದರಿಂದ ನಗರದೊಳಗಿನ ದಟ್ಟಣೆ ಶುಲ್ಕವೂ ಇರಲಿಲ್ಲ. ಸಾವಿರದಷ್ಟು ಕಾರುಗಳು ಲಂಡನ್ ರಸ್ತೆಗಿಳಿದವು. ನಂತರ ಸುರಕ್ಷತೆಯ ಪ್ರಶ್ನೆಗಳೆದ್ದವು, ದೊಡ್ಡ ಕಂಪನಿಗಳ ಎಲೆಕ್ಟ್ರಿಕ್ ಕಾರುಗಳು ಬಂದವು. ಬೆಳೆಯಲು ಬಂಡವಾಳ ಬೇಕಾದಾಗ 2010ರಲ್ಲಿ ಬಹುಪಾಲು ಷೇರು ಮಹೀಂದ್ರಾಗೆ ಹೋಯಿತು.

ರೇವಾಗೆ ಸಿಗದೆ ಮಾರ್ಗನ್‌ಗೆ ಸಿಕ್ಕಿದ್ದು ಸಮಯ. ಒಂದು ಸಂದಿ ಮುಚ್ಚುವಾಗ ಇನ್ನೊಂದನ್ನು ಹುಡುಕಿಕೊಳ್ಳುವಷ್ಟು ಸಮಯ. ಸಾಲವಿಲ್ಲದ ಸಣ್ಣ ಕಾರ್ಖಾನೆ, ತಾಳ್ಮೆಯ ಗಿರಾಕಿ, ಕೆಲಸ ಬಲ್ಲ ಕುಶಲಕರ್ಮಿಗಳು ಆ ಸಮಯವನ್ನು ಕೊಟ್ಟರು. ಈಗ ಹೂಡಿಕೆ ಸಂಸ್ಥೆಯ ಕೈಯಲ್ಲಿರುವ ಕಂಪನಿಗೆ ಅಷ್ಟೇ ತಾಳ್ಮೆ ಇರುತ್ತದೆಯೇ ಎನ್ನುವುದು ಪ್ರಶ್ನೆ. ಹೂಡಿಕೆದಾರರು ಒಂದು ದಿನ ಲಾಭ ತೆಗೆದುಕೊಂಡು ಹೊರಡುವವರು. ಆ ಲಾಭಕ್ಕೆ ಬೆಳವಣಿಗೆ ಬೇಕು. 1990ರಲ್ಲಿ ಹಾರ್ವೆ-ಜೋನ್ಸ್ ಕೇಳಿದ್ದನ್ನೇ ಮುಂದೊಂದು ದಿನ ಮಾಲೀಕರೇ ಕೇಳಬಹುದು. ಆಗ ಬೇಡ ಎನ್ನುವ ಅಧಿಕಾರವುಳ್ಳ ಮಾರ್ಗನ್ ಕುಟುಂಬದವರು ಮಾಲ್ವರ್ನ್‌ನಲ್ಲಿ ಇರುವುದಿಲ್ಲ.